ವಾಲ್ವ್ ನನ್ನ ಕೈಯಲ್ಲೇ ಇತ್ತು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಸಾಕು, ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂರುತ್ತಿದ್ದೆ. ಕೇಳುವುದಕ್ಕಲ್ಲ, ಜಗಳಕ್ಕೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹಳೇ ಪಂಪ್‌ಹೌಸಿನಲ್ಲಿ ಯಾರೋ ಹೆಂಗಸು ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಾಳೆಂದು ಕ್ಯಾಂಪಿಗೆ ಕ್ಯಾಂಪೇ ಹೆದರಿದಾಗ, ಸ್ಪ್ಯಾನರ್ ಹಿಡಿದು ಹೋಗಿ ಸಡಿಲವಾಗಿದ್ದ ತಗಡಿನ ಬೋಲ್ಟ್ ಬಿಗಿ ಮಾಡಿ ಬಂದಿದ್ದೆ. ಆಮೇಲೆ ವಾರಗಟ್ಟಲೆ ಸಿಕ್ಕವರಿಗೆಲ್ಲ 'ನಿಮ್ಮ ಗೆಜ್ಜೆ ಹೆಂಗಸಿಗೆ ಹದಿನೇಳು ನಂಬರಿನ ಸ್ಪ್ಯಾನರ್ ಸಾಕಾಯಿತು' ಎಂದು ಹೇಳಿಕೊಂಡು ತಿರುಗಿದೆ. ನನ್ನ ಹೆಂಡತಿಗೆ ಆ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು, ನನ್ನದೇನೂ ಅಡ್ಡಿಯಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗಾಗಲೇ ಪುಟ ಮಗುಚಿರುತ್ತಿದ್ದೆ. ಆದರೆ ಕಂಡದ್ದನ್ನು, ಕೇಳಿದ್ದನ್ನು ಒಂದಕ್ಷರ ಹೆಚ್ಚಿಲ್ಲದೆ ಹೇಳುತ್ತೇನೆ. ಆಮೇಲೆ ನೀವುಂಟು, ನಿಮ್ಮ ಬುದ್ಧಿಯುಂಟು.

ನನಗೊಂದು ಹುಚ್ಚಿದೆ. ಹಳೇ ವಾಲ್ವ್ ರೇಡಿಯೋ ಸಿಕ್ಕರೆ ಬಿಚ್ಚಿ, ತೊಳೆದು, ಸತ್ತ ಸಾಮಾನು ಬದಲಿಸಿ, ಅದನ್ನು ಮಾತಾಡಿಸುವುದು. ಈಗಿನವರಿಗೆ ವಾಲ್ವ್ ಅಂದರೆ ಪೈಪಿನದು ನೆನಪಾಗುತ್ತದೆ. ಇದು ಗಾಜಿನದು, ಹೆಬ್ಬೆರಳು ಗಾತ್ರದ ಬಲ್ಬಿನ ಹಾಗಿರುತ್ತದೆ. ಕರೆಂಟು ಕೊಟ್ಟರೆ ಒಳಗೆ ಸಣ್ಣಗೆ ಕೆಂಪಗಾಗಿ, ಬಿಸಿಯೇರಿದ ಮೇಲೆ ಮಾತು ಶುರುವಾಗುತ್ತದೆ. ಗುಂಡಿ ಒತ್ತಿದ ಕೂಡಲೇ ಒದರುವ ಜಾತಿಯಲ್ಲ ಅದು. ಒಂದಿಷ್ಟು ಹೊತ್ತು ಕಾಯಿಸುತ್ತದೆ, ಆ ಕಾಯುವಾಗಿನ ಎದೆಬಡಿತ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸಕ್ಕೆ ಬಿದ್ದದ್ದು. ನಮ್ಮ ಕ್ವಾರ್ಟರ್ಸಿನಲ್ಲಿ ಮಂಚದ ಕೆಳಗೆ, ಅಲಮಾರಿಯ ಮೇಲೆ, ಕಡೆಗೆ ಜೋಳದ ಚೀಲದ ಪಕ್ಕದಲ್ಲೂ ರೇಡಿಯೋಗಳೇ. ಮನೆಯಾಕೆ ಅವುಗಳಿಗೆ 'ನನ್ನ ಸವತೇರು' ಎಂದು ಹೆಸರಿಟ್ಟಿದ್ದಾಳೆ.

ನಮ್ಮ ಹತ್ತಿರದ ಸಗರ ಹಳ್ಳಿಯ ರೇಡಿಯೋ ಸುದ್ದಿ ತಂದವನು ಮಹಬೂಬ. ಶಹಾಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತಿ ರಿಪೇರಿ ಮಾಡುತ್ತಾನೆ, ನನ್ನ ಬಹಳ ವರ್ಷದ ಗೆಳೆಯ. ಸಗರದ ಶರಣಪ್ಪ ಎಂಬ ರೈತ ಸುಟ್ಟ ಮೋಟಾರ್ ತಂದಿದ್ದನಂತೆ. ಮಾತಿಗೆ ಮಾತು ಬಂದು, ತಮ್ಮ ಮನೆಯಲ್ಲಿ ಅಜ್ಜನ ಕಾಲದ ರೇಡಿಯೋ ಇದೆ, ಅವ್ವ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದನಂತೆ.

"ಅರೇ ಸಾಬ, ಖಜಾನಾ ಅದ ಅಲ್ಲಿ," ಎಂದ ಮಹಬೂಬ ಫೋನಿನಲ್ಲಿ. "ಹಸಿರು ಕಣ್ಣಿನ ಸೆಟ್ ಅಂತ. ಖರೇನ!"

ಹಸಿರು ಕಣ್ಣು ಎಂದರೆ ಸ್ಟೇಷನ್ ಎಷ್ಟು ಚೆನ್ನಾಗಿ ಸಿಕ್ಕಿದೆ ಎಂದು ತೋರಿಸುವ ಒಂದು ವಿಶೇಷ ವಾಲ್ವ್. ಸ್ಟೇಷನ್ ಸರಿಯಾಗಿ ಕೂತರೆ ರೆಪ್ಪೆ ಕೂಡಿಸಿದ ಹಾಗೆ ಹಸಿರು ಬೆಳಕು ಹತ್ತಿರ ಬರುತ್ತದೆ. ಅಂಥ ಸೆಟ್ಟು ನನ್ನ ಕೈಗೆ ಅಲ್ಲಿವರೆಗೆ ಬಂದಿರಲಿಲ್ಲ. ಬಂದ ಭಾನುವಾರ ಬೆಳಗ್ಗೆ ನಾಷ್ಟಾ ಕೂಡ ಮಾಡದೆ ಬೈಕಿಗೆ ರಿಪೇರಿ ಸಾಮಾನಿನ ಡಬ್ಬಿ ಕಟ್ಟಿಕೊಂಡು ಸಗರಕ್ಕೆ ಹೊರಟೇಬಿಟ್ಟೆ.

ಶರಣಪ್ಪನ ತಾಯಿ ನಾಗಮ್ಮ. ಎಪ್ಪತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಕೈತುಂಬ ಹಸಿರು ಬಳೆ, ಮಾತು ಚುರುಕು. ಅದು ಅವರ ತವರುಮನೆಯೇ. ಗಂಡು ಮಕ್ಕಳಿಲ್ಲದ ಕಾರಣ ತಂದೆ ಅಳಿಯನನ್ನು ಮನೆಯಲ್ಲೇ ಇರಿಸಿಕೊಂಡಿದ್ದರು. ಗಂಡ, ಮಗ, ಸೊಸೆ, ಮೊಮ್ಮಕ್ಕಳು, ಎಮ್ಮೆ, ಎರಡು ಟ್ರ್ಯಾಕ್ಟರ್, ಬಂದು ಹೋಗುವ ಕೂಲಿಯವರು, ಹೀಗೆ ಗಿಜಿಗಿಜಿ ಮನೆ. ಪಡಸಾಲೆಯ ಗೂಡಿನಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು ರೇಡಿಯೋ ಕೂತಿತ್ತು. ಬಟ್ಟೆ ಸರಿಸಿದೆ. ತೇಗದ ಮೈ, ಗೆರೆ ಗೆರೆಯ ಜಾಳಿಗೆ ಬಟ್ಟೆ, ಹಳದಿ ಬಿದ್ದ ಡಯಲ್ ಗಾಜು, ಅದರ ಮೇಲೆ ಆ ಕಣ್ಣು. ನನಗೆ ಕುಣಿಯಬೇಕೆನಿಸಿತು. ವಯಸ್ಸಿನ ಮರ್ಯಾದೆಗೆ ಸುಮ್ಮನಿದ್ದೆ.

"ಕ್ಯಾಂಪಿಗೆ ಒಯ್ದು ರಿಪೇರಿ ಮಾಡಿ ತರ್ತೀನ್ರಿ," ಎಂದೆ.

"ಅದೊಂದು ಬ್ಯಾಡ್ರಿ ಸರ," ಎಂದರು ನಾಗಮ್ಮ. "ನಮ್ಮಪ್ಪ ಒಮ್ಮಿ ಯಾದಗಿರಿಗಿ ಕಳಿಸಿದ್ದ. ಅರ್ಧ ಸಾಮಾನ ತಕ್ಕೊಂಡು ಖಾಲಿ ಡಬ್ಬಿ ವಾಪಸ್ ಕೊಟ್ರು. ಏನ್ ಮಾಡ್ತೀರಿ ಇಲ್ಲೇ ಕುಂತು ಮಾಡ್ರಿ. ನನ್ನ ಕಣ್ಣ ಮುಂದ."

ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ, ಆ ಕಣ್ಣು ನನ್ನನ್ನು ಆಗಲೇ ಹಿಡಿದಿತ್ತು. ಹಿಂದಿನ ಹಲಗೆ ಬಿಚ್ಚುತ್ತ ಕೂತಾಗ, ಇದು ಯಾವಾಗ ಕೆಟ್ಟಿತು ಎಂದು ಸುಮ್ಮನೆ ಕೇಳಿದೆ. ರಿಪೇರಿಗೆ ಕೂತವನು ಕೇಳುವ ಮೊದಲ ಪ್ರಶ್ನೆ ಅದು. ನಾಗಮ್ಮ ಸೊಸೆಗೆ ಚಹಾ ಇಡಲು ಹೇಳಿ, ನನ್ನ ಪಕ್ಕದಲ್ಲಿ ಗೋಡೆಗೊರಗಿ ಕೂತು, ಹೇಳತೊಡಗಿದರು.

ಅವರಿಗೊಬ್ಬಳು ಅಕ್ಕ ಇದ್ದಳು, ಶಾಂತಮ್ಮ. ಬೀಸುವ ಪದ ಹಾಡುವುದರಲ್ಲಿ ಊರಿಗೇ ಹೆಸರಾದವಳು. ನಮ್ಮ ಕಡೆಯ ಬೀಸುವ ಪದದ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೀಸುವ ಕಲ್ಲಿಗೆ ಎದುರುಬದುರು ಇಬ್ಬರು ಕೂತು, ಒಂದೇ ಗೂಟ ಹಿಡಿದು ತಿರುವುತ್ತ ಹಾಡುತ್ತಾರೆ. ಮೊದಲು ದೇವರ ನೆನಹು, ಆಮೇಲೆ ಮನೆಯವರದು. ತಂದೆ, ತಾಯಿ, ಒಡಹುಟ್ಟಿದವರು ಎಂದು ಯಾರ ಮೇಲೆ ಪ್ರೀತಿಯೋ ಅವರ ಹೆಸರನ್ನು ಹಾಡುವವಳು ಪದದೊಳಗೆ ಸೇರಿಸಿಕೊಳ್ಳುತ್ತಾ ಹೋಗುತ್ತಾಳೆ. ಯಾರ ಹೆಸರು ಬಂತು, ಯಾರದು ಬಿಟ್ಟಿತು ಎಂಬುದನ್ನು ಮನೆಯ ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದರು. ಮುನಿಸಿಕೊಂಡವರ ಹೆಸರು ಬಿಡುವುದೂ ಇತ್ತು.

ಅಕ್ಕ ತಂಗಿ ದಿನಾ ನಸುಕಿನಲ್ಲಿ ಜೋಡಿಯಾಗಿ ಬೀಸುವವರು. ಶಾಂತಮ್ಮನಿಗೆ ಕಕ್ಕೇರಾದ ಕಡೆ ಗಂಡು ಗೊತ್ತಾಯಿತು. ಅಕ್ಕ ಹೋಗುತ್ತಾಳೆಂಬ ಸಂಕಟಕ್ಕೋ ಏನೋ, ನಾಗಮ್ಮ ಸಣ್ಣ ಮಾತಿಗೆ ಜಗಳ ತೆಗೆದು, 'ಹೋಗು, ನಿನ್ನ ಪೀಡಾ ತೊಲಗಲಿ' ಎಂದು ಗೂಟ ಬಿಟ್ಟು ಎದ್ದರು. ಆಮೇಲೆ ಕಲ್ಲಿನ ಎದುರು ಕೂರಲೇ ಇಲ್ಲ. ಅಕ್ಕನೊಡನೆ ಮಾತೂ ಇಲ್ಲ. ಅದೇ ದಿನಗಳಲ್ಲಿ ರೇಡಿಯೋ ಸ್ಟೇಷನ್ನಿನವರು ದೊಡ್ಡ ಟೇಪಿನ ಮಷೀನು ತಂದು ಶಾಂತಮ್ಮನ ಪದ ಹಿಡಿದುಕೊಂಡು ಹೋದರು. ಸದ್ದಾಗಬಾರದೆಂದು ಮನೆಯವರನ್ನೆಲ್ಲ ಹೊರಗೆ ಕಳಿಸಿದ್ದರಂತೆ, ಒಬ್ಬಳೇ ಬೀಸುತ್ತ ಹಾಡಿದಳಂತೆ. ನಾಗಮ್ಮ ಹೊಲಕ್ಕೆ ಹೋಗಿಬಿಟ್ಟಿದ್ದರು, ಬೇಕಂತಲೇ.

ಮದುವೆಯಾಗಿ ಶಾಂತಮ್ಮ ಕಕ್ಕೇರಾಕ್ಕೆ ಹೋದಳು. ಪದ ರೇಡಿಯೋದಲ್ಲಿ ಬರುವ ದಿನ ಗೊತ್ತಾದಾಗ ಅಲ್ಲಿಂದ ಹೇಳಿಕಳಿಸಿದಳು, 'ನಾಗಿಗೆ ತಪ್ಪದೆ ಕೇಳು ಅನ್ರಿ' ಎಂದು. ಆ ಸಂಜೆ ಪಡಸಾಲೆ ತುಂಬ ಜನ. ರೇಡಿಯೋದವರು ಹಾಡುವವಳ ಹೆಸರು ಹೇಳಿದರು, ಇನ್ನೇನು ಪದ ಶುರುವಾಗಬೇಕು, ರೇಡಿಯೋ ಸತ್ತಿತು. ತಂದೆ ಬಡಿದರು, ತಿರುವಿದರು, ಏನೂ ಇಲ್ಲ. ನಾಗಮ್ಮ ಊರ ಗೌಡರ ಮನೆಯ ರೇಡಿಯೋ ಕೇಳಲು ಓಡಿದರು. ಅಲ್ಲಿ ಮುಟ್ಟುವುದರೊಳಗೆ ಪದ ಮುಗಿದಿತ್ತು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಪಂಚಮಿಗೆ ತವರಿಗೆ ಬಂದಾಗ ಅಕ್ಕನನ್ನೇ ಕೇಳಿದರಾಯಿತು ಎಂದುಕೊಂಡರು. ಪಂಚಮಿಗಿಂತ ಮೊದಲೇ ಶಾಂತಮ್ಮ ಜ್ವರ ಬಂದು ತೀರಿಕೊಂಡಳು.

"ಕೇಳಿದವರನ್ನೆಲ್ಲ ಕೇಳೇನ್ರಿ ಸರ, ಪದದಾಗ ನನ್ನ ಹೆಸರು ಬಂತೇನು ಅಂತ," ಎಂದರು ನಾಗಮ್ಮ. "ಒಬ್ಬಾಕಿ ಬಂತು ಅಂದಳು. ಇನ್ನೊಬ್ಬಾಕಿ, ನಿಮ್ಮಪ್ಪಂದು ಬಂತು, ಅವ್ವಂದು ಬಂತು, ಎತ್ತಿಂದು ಸುದ್ದಾ ಬಂತು, ನಿಂದು ಕೇಳಿಸಲಿಲ್ಲ ನೋಡವ್ವ ಅಂದಳು. ಎತ್ತಿಂದು ಬಂದು ನಂದು ಬರಲಿಲ್ಲಂದ್ರ, ಎತ್ತಿಗಿಂತ ಕಡಿ ಆದೆ ಏನ್ರಿ ನಾನು?"

ನಗುತ್ತಲೇ ಹೇಳಿದರು. ಆದರೆ ಆ ಪ್ರಶ್ನೆಯನ್ನು ಅವರು ಐವತ್ತು ವರ್ಷದ ಮೇಲೆ ಹೊತ್ತುಕೊಂಡು ತಿರುಗಿದ್ದಾರೆಂದು ನನಗೆ ಗೊತ್ತಾಗದೆ ಇರಲಿಲ್ಲ. ಅಂದು ಕೇಳಿದವರಲ್ಲಿ ಈಗ ಯಾರೂ ಉಳಿದಿಲ್ಲ. ಆಗ ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು:

"ಆ ಹಾಡು ಎಲ್ಲಿ ಹೋತ್ರಿ ಸರ? ಗಾಳ್ಯಾಗಿಂದ ನಮ್ಮ ತಂತಿಗಂತೂ ಬಂದಿತ್ತಲ್ಲ. ಡಬ್ಬಿ ಬಾಯಿ ಮುಚ್ಕೊಂಡಿತ್ತು, ಹೊರಗ ಬರಲಿಲ್ಲ. ಒಳಗ ಬಂದದ್ದು ಒಳಗೇ ಇರಬೇಕಲ್ಲ? ನೀವು ಬಾಯಿ ಬಿಡಿಸಿದ್ರ ಬರೂದಿಲ್ಲೇನು?"

ಇದಕ್ಕಾಗಿಯೇ ಅವರು ಡಬ್ಬಿಯನ್ನು ಗೂಡಿನಲ್ಲಿ ಕಾಪಾಡಿಕೊಂಡು ಬಂದದ್ದು! ನನ್ನ ಹುಟ್ಟುಗುಣ ಸುಮ್ಮನಿರಬೇಕಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಪಾಠಕ್ಕೆ ಶುರು ಮಾಡಿದೆ. "ನಾಗಮ್ಮಾರ, ರೇಡಿಯೋ ಅಂದ್ರ ಕೊಡ ಅಲ್ರಿ, ನಳ. ಕೊಡದಾಗ ನೀರು ನಿಲ್ತದ. ನಳದಾಗ ಹರದು ಹೋಗ್ತದ. ಅವತ್ತಿಂದು ಅವತ್ತೇ ಹೋತು. ಟೇಪಿನ್ಯಾಗ ಇದ್ರ ಸ್ಟೇಷನ್ನಿನ್ಯಾಗ ಇರಬೇಕು, ಇದರಾಗ ಇರೂದಿಲ್ಲ," ಎಂದೆ. ಸ್ಟೇಷನ್ನಿಗೆ ಶರಣಪ್ಪ ಆಗಲೇ ಹೋಗಿ ಕೇಳಿ ಬಂದಿದ್ದನಂತೆ. ಅಷ್ಟು ಹಳೆಯದು ಸಿಗಲಿಲ್ಲವಂತೆ. ನಾನು ಬಿಡಲಿಲ್ಲ. ಒಂದೊಂದೇ ಸಾಮಾನು ಎತ್ತಿ ತೋರಿಸಿ, ಇದು ಹಿಡಿಯುತ್ತದೆ, ಇದು ದೊಡ್ಡದು ಮಾಡುತ್ತದೆ, ಇದು ಹೊರಗೆ ಹಾಕುತ್ತದೆ, ಇಟ್ಟುಕೊಳ್ಳುವುದು ಮಾತ್ರ ಯಾವುದೂ ಇಲ್ಲ ಎಂದು ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿ, ಸಣ್ಣಗೆ ಉಸಿರು ಬಿಟ್ಟು, "ಹಂಗೇನ್ರಿ... ನಳ. ಆತು ಬಿಡ್ರಿ. ಬಾಯಿ ಆದ್ರೂ ಬಿಡಸ್ರಿ. ಅಪ್ಪನ ಕಾಲದ್ದು," ಎಂದರು. ಒಬ್ಬ ಹೆಣ್ಣುಮಗಳ ಮೂಢನಂಬಿಕೆ ಕಳೆದೆನೆಂಬ ಹೆಮ್ಮೆಯಲ್ಲಿ ಬೀಗುತ್ತ ಅವತ್ತು ಮನೆಗೆ ಬಂದೆ.

ಮುಂದಿನ ಭಾನುವಾರಗಳು ನನ್ನ ಜೀವನದ ಹಬ್ಬದ ದಿನಗಳು. ರೇಡಿಯೋದೊಳಗೆ ಇಲಿ ಗೂಡು ಕಟ್ಟಿ ಸಂಸಾರ ಮಾಡಿ ಹೋಗಿತ್ತು. ತಂತಿಗಳ ಮೇಲಿನ ಬಟ್ಟೆ ಮುಟ್ಟಿದರೆ ಉದುರುತ್ತಿತ್ತು. ಮೇಣ ಸೋರಿದ ಹಳೇ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸದು ಬೆಸೆದೆ. ಕಳೆದುಹೋದ ವಾಲ್ವುಗಳಿಗಾಗಿ ಸುರಪುರದ ಒಂದು ಗುಜರಿ ಅಂಗಡಿಯಿಂದ ಹೈದರಾಬಾದಿನವರೆಗೆ ಎಲ್ಲಿ ಎಲ್ಲಿ ಹುಡುಕಿದೆನೋ! ಒಂದು ಸಿಕ್ಕಿದ ದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಎದೆಯ ಜೇಬಿನಲ್ಲಿಟ್ಟುಕೊಂಡು, ಗುಂಡಿ ಬಂದಲ್ಲೆಲ್ಲ ಬೈಕು ನಿಲ್ಲಿಸಿ ಇಳಿದು ತಳ್ಳಿಕೊಂಡು ಬಂದಿದ್ದೆ. ನಾಗಮ್ಮ ಮಾತ್ರ ಪ್ರತಿ ಭಾನುವಾರವೂ ಅದೇ ಗೋಡೆಗೊರಗಿ, ಹತ್ತಿ ಬಿಡಿಸುತ್ತಲೋ ಶೇಂಗಾ ಒಡೆಯುತ್ತಲೋ ಕೂತಿರುತ್ತಿದ್ದರು. ಶಾಂತಮ್ಮನ ಕಥೆ ಪ್ರತಿ ಸಲವೂ ಒಂದಲ್ಲ ಒಂದು ಕಡೆಯಿಂದ ಬರುತ್ತಿತ್ತು. ತಂದೆಯ ಹೆಸರು ಮಲ್ಲಣ್ಣ, ತಾಯಿ ಈರಮ್ಮ, ಎತ್ತು ಬಸವಂತ ಎಂಬುದೆಲ್ಲ ನನಗೆ ನನ್ನ ಮನೆಯವರ ಹೆಸರಿನಷ್ಟೇ ಬಾಯಿಪಾಠವಾಗಿತ್ತು.

ಮೊದಲ ಸಲ ಕರೆಂಟು ಕೊಟ್ಟ ದಿನ ಮಹಬೂಬನೂ ಬಂದಿದ್ದ. ಹಳೇ ಸೆಟ್ಟಿಗೆ ನೇರ ಕರೆಂಟು ಕೊಡಬಾರದು, ನಡುವೆ ಒಂದು ಬಲ್ಬು ಹಾಕಿ ಕೊಡಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಸ್ವಿಚ್ ಹಾಕಿದೆ. ಬಲ್ಬು ಝಗ್ಗೆಂದು ಹೊತ್ತಿ, ನನ್ನ ಜೀವ ಬಾಯಿಗೆ ಬಂದು, ಆಮೇಲೆ ನಿಧಾನವಾಗಿ ಮಂಕಾಯಿತು. "ಶಾಬಾಶ್!" ಎಂದ ಮಹಬೂಬ. ಡಯಲ್ಲಿನಲ್ಲಿ ಹಳದಿ ಬೆಳಕು ಮೂಡಿತು. ಆಮೇಲೆ ಆ ಕಣ್ಣು, ಎಳೆ ಬೇವಿನ ಎಲೆಯ ಬಣ್ಣಕ್ಕೆ, ಮೆಲ್ಲಗೆ ತೆರೆಯಿತು. ನಾಗಮ್ಮ ಎದ್ದು ನಿಂತು, ಹಿರಿಯರು ಯಾರೋ ಒಳಗೆ ಬಂದ ಹಾಗೆ ಸೆರಗು ತಲೆಯ ಮೇಲೆಳೆದುಕೊಂಡರು. ಸ್ಟೇಷನ್ನೂ ಸಿಕ್ಕಿತು. ಯಾರೋ ತೊಗರಿ ಬೆಳೆಗೆ ಔಷಧ ಹೊಡೆಯುವ ವಿಷಯ ಹೇಳುತ್ತಿದ್ದರು. ಆದರೆ ಮಾತಿನ ನಡುನಡುವೆ ಚಟಪಟ ಎಂದು ಜೋಳ ಹುರಿದಂಥ ಸದ್ದು. ಔಟ್‌ಪುಟ್ ವಾಲ್ವಿನ ಕಾಲಿಗೆ ಕಿಲುಬು ಹಿಡಿದಿದೆ ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಅದಿಷ್ಟು ಒರೆಸಿದರೆ ಕೆಲಸ ಮುಗಿದ ಹಾಗೆ.

ಆ ಒರೆಸುವ ಕೆಲಸಕ್ಕೆಂದು ಹೋದ ಭಾನುವಾರದ ಮಾತು ಈಗ ಹೇಳುವುದು. ಮನೆಯವರೆಲ್ಲ ಸುರಪುರಕ್ಕೆ ಮದುವೆಗೆ ಹೋಗಿದ್ದರು. ನಾಗಮ್ಮ ಎಮ್ಮೆ ಹಿಂಡುವ ನೆಪ ಮಾಡಿ ಉಳಿದಿದ್ದರು. ಸಂಜೆ, ಇನ್ನೂ ಬೆಳಕಿತ್ತು, ಬಾಗಿಲಿನಿಂದ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಿದ್ದಿತ್ತು. ರೇಡಿಯೋ ಹಾಕಿ ಆ ಚಟಪಟ ಕೇಳುತ್ತಿದ್ದೆ. ಕರೆಂಟು ಹೋಯಿತು. ನಮ್ಮ ಕಡೆ ಅದೇನು ಹೊಸದಲ್ಲ. ಓಣಿಯ ಹಿಟ್ಟಿನ ಗಿರಣಿ ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು, ಒಮ್ಮೆಲೇ ಊರು ಸುಮ್ಮನಾಯಿತು.

"ಕರೆಂಟ್ ಬರೂದ್ರಾಗ ಎಮ್ಮಿ ಹಿಂಡಿ ಬರ್ತೀನ್ರಿ ಸರ," ಎಂದು ನಾಗಮ್ಮ ತಂಬಿಗೆ ಹಿಡಿದು ಹಿತ್ತಲಿಗೆ ಹೋದರು. ನಾನೂ ಹೊತ್ತು ಕಳೆಯುವುದೇಕೆಂದು ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟೆ. ಬಟ್ಟೆ ಹಿಡಿದು, ಇನ್ನೂ ಬಿಸಿಯಿದ್ದ ಔಟ್‌ಪುಟ್ ವಾಲ್ವನ್ನು ಮೆಲ್ಲಗೆ ಅಲ್ಲಾಡಿಸಿ ಹೊರಗೆ ತೆಗೆದೆ. ಈ ವಾಲ್ವ್ ಎಂದರೆ ರೇಡಿಯೋದ ಗಂಟಲು. ಇದಿಲ್ಲದೆ ಸ್ಪೀಕರಿನಿಂದ ಇರುವೆಯ ಸದ್ದೂ ಬರುವುದಿಲ್ಲ. ಅದರ ಕಾಲು ಒರೆಸತೊಡಗಿದೆ.

ಆಗ ಗರಗರ ಎಂಬ ಸದ್ದು ಶುರುವಾಯಿತು.

ಗಿರಣಿ ಮತ್ತೆ ಹೊರಟಿತೆಂದುಕೊಂಡೆ. ಇಲ್ಲ, ಸದ್ದು ಹತ್ತಿರದ್ದು, ಕಲ್ಲಿನದು. ಒಂದೊಂದು ಸುತ್ತಿನಲ್ಲೂ ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆತ್ತಗಾಗಿ ಬರುತ್ತಿತ್ತು. ಎಡಗೈಯನ್ನು ರೇಡಿಯೋ ಮೇಲಿಟ್ಟೆ. ತೇಗದ ಹಲಗೆ ನಡುಗುತ್ತಿತ್ತು. ಡಯಲ್ಲಿನಲ್ಲಿ ಬೆಳಕಿಲ್ಲ, ಹಸಿರು ಕಣ್ಣು ಕಪ್ಪಗಿದೆ, ಪ್ಲಗ್ಗು ನೆಲದ ಮೇಲೆ ನನ್ನ ಕಾಲಿನ ಪಕ್ಕ ಬಿದ್ದಿದೆ, ವಾಲ್ವು ನನ್ನ ಬಲಗೈಯಲ್ಲಿದೆ. ನಾನು ಒಂದೊಂದನ್ನೂ ನೋಡಿದೆ. ಆ ಹೊತ್ತಿನಲ್ಲೂ ನೋಡಿದೆ, ಅದು ನನ್ನ ಕಸುಬಿನ ಚಾಳಿ. ಹೆದರಿಕೆಯಾಗಲಿಲ್ಲ. ನಿಜ ಹೇಳುತ್ತೇನೆ, ಖುಷಿಯಾಯಿತು! ಮೈಯೆಲ್ಲ ಜುಮ್ಮೆಂದು, 'ಏನೋ ಆಗ್ತಾ ಇದೆ, ಏನೋ ಆಗ್ತಾ ಇದೆ' ಎಂದು ಒಳಗೆ ಒಂದೇ ಸಮ ಕುಣಿತ.

ಆಮೇಲೆ ದನಿ ಬಂತು. ಹರೆಯದ ಹೆಣ್ಣುಮಗಳ ದನಿ, ಸ್ವಲ್ಪ ಮೂಗಿನಿಂದ, ಕಲ್ಲು ತಿರುವುವ ದಮ್ಮಿಗೆ ಅಲ್ಲಲ್ಲಿ ತುಂಡಾಗುತ್ತ. ಶಿವನನ್ನು ನೆನೆಯಿತು. ಕಲ್ಲಿಗೆ ಜೋಳ ಸುರಿದದ್ದನ್ನು ಹಾಡಿತು. ಹಡೆದಪ್ಪ ಮಲ್ಲಣ್ಣ ಎಂದಿತು.

ನನಗೆ ಪ್ರಜ್ಞೆ ಬಂದದ್ದು ಆಗ. "ನಾಗಮ್ಮಾರ! ನಾಗಮ್ಮಾರ, ಬರ್ರೀ! ಓಡಿ ಬರ್ರೀ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಎದ್ದು ಓಡಿಹೋಗಿ ಕರೆದುಕೊಂಡು ಬರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ಹಲಗೆಯ ಮೇಲಿನ ಕೈ ತೆಗೆದರೆ ನಿಂತುಹೋಗುತ್ತದೆ ಎಂದು ನನಗೆ ಅನ್ನಿಸಿತು.

ಹಿತ್ತಲಿನಿಂದ, "ತಡೀರಿ ಸರ, ಎಮ್ಮಿ ಕಾಲು ಎತ್ತಾಕತ್ತದ! ಬಂದೆ, ಬಂದೆ!" ಎಂದು ನಾಗಮ್ಮನ ಕೂಗು. ತಾಯಿ ಈರಮ್ಮನ ಹೆಸರು ಬಂತು. ಬಸವಂತನೂ ಬಂದ. ನಾನು ವಾಲ್ವನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಮೊಬೈಲ್ ಎಳೆದು, ರೆಕಾರ್ಡಿಂಗ್ ಒತ್ತಿ, ಮತ್ತೆ ಕೂಗಿದೆ, "ಎಮ್ಮಿ ಸುಡಗಾಡಿಗಿ ಹೋಗಲಿ, ಬರ್ರೀ ನಾಗಮ್ಮಾರ!"

ಆಗಲೇ ಅದು ಬಂದದ್ದು. ದನಿ ಒಮ್ಮೆ ನಿಂತು, ಕಲ್ಲು ಮಾತ್ರ ಒಂದು ಸುತ್ತು ತಿರುಗಿ, ಮತ್ತೆ ಎತ್ತಿತು. ಒಂಟಿ ಕೈಗೆ ಕಲ್ಲು ಭಾರ, ಗೂಟಕ್ಕೆ ನಿನ್ನ ಕೈ ಬೇಕು, ತಂಗಿ ನಾಗಮ್ಮ ಬಾರೇ ಎಂಬ ಅರ್ಥದ ಮಾತು. ಒಮ್ಮೆಯಲ್ಲ, ಪದದ ಕೊನೆಯ ಸಾಲನ್ನು ತಿರುತಿರುಗಿ ಹಾಡುತ್ತಾರಲ್ಲ, ಹಾಗೆ ಮತ್ತೆ ಮತ್ತೆ. ತಂಗಿ ನಾಗಮ್ಮ ಬಾರೇ. ನಾನು ಕೂಗುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ಕೇಳಿದೆ. ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು.

ನಾಗಮ್ಮ ಹೊಸ್ತಿಲು ದಾಟಿ ಬಂದಾಗ ಕೈಯೆಲ್ಲ ಹಾಲಿನ ನೊರೆ. ಹಲಗೆ ಸುಮ್ಮನಾಗಿತ್ತು.

"ಏನಾತ್ರಿ? ಕರೆಂಟ್ ಹೊಡೀತೇನ್ರಿ?" ಎಂದರು ಗಾಬರಿಯಲ್ಲಿ.

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಹೆಸರು ಬಂತು, ನಿಮ್ಮ ಹೆಸರು ಬಂತು, ನಾನು ಕಿವಿಯಾರೆ ಕೇಳಿದೆ ಎಂದು ಅವರ ಕೈಯೇ ಹಿಡಿದುಕೊಂಡುಬಿಟ್ಟೆ. ಅವರು ನನ್ನ ಮುಖ ನೋಡಿದರು, ರೇಡಿಯೋ ನೋಡಿದರು, ನೆಲದ ಮೇಲಿನ ಪ್ಲಗ್ಗು ನೋಡಿದರು. ನನ್ನ ತೊಡೆಯಿಂದ ಜಾರಿ ಚಾಪೆಯ ಮೇಲೆ ಬಿದ್ದಿದ್ದ ವಾಲ್ವನ್ನು ಜೋಪಾನವಾಗಿ ಎತ್ತಿ ನನ್ನ ಕೈಗೆ ಕೊಟ್ಟರು.

"ಇದು ಇಲ್ಲಂದ್ರ ಮಾತಾಡೂದಿಲ್ಲ ಅಂತ ನೀವೇ ಹೇಳೀರಿ," ಎಂದರು. "ಕೊಡ ಅಲ್ಲ, ನಳ ಅಂದಿದ್ರಿ."

"ಹೇಳೀನ್ರಿ! ತಪ್ಪು ಹೇಳೀನಿ!"

"ತಪ್ಪು ಹೇಳೂ ಮಂದಿ ಅಲ್ಲ ನೀವು," ಎಂದರು ನಾಗಮ್ಮ, ಬಹಳ ಮೆತ್ತಗೆ.

ರೆಕಾರ್ಡಿಂಗ್ ನೆನಪಾಗಿ ಮೊಬೈಲ್ ಹಚ್ಚಿದೆ. ಇಬ್ಬರೂ ತಲೆ ಕೂಡಿಸಿ ಕೇಳಿದೆವು. ಎಮ್ಮೆ ಸುಡುಗಾಡಿಗೆ ಹೋಗಲಿ ಎಂಬ ನನ್ನ ಕೂಗು ಸ್ಪಷ್ಟವಾಗಿತ್ತು. ಹಿತ್ತಲಿನಲ್ಲಿ ಎಮ್ಮೆ ಒದರಿದ್ದೂ ಇತ್ತು. ಪದವಿಲ್ಲ, ಕಲ್ಲಿಲ್ಲ. ನನ್ನ ಕೂಗು ನಿಂತ ಮೇಲೆ ಬರೀ ಮೌನ, ಆಮೇಲೆ ನಾಗಮ್ಮನ 'ಏನಾತ್ರಿ?'

"ರಾಗ ಹ್ಯಾಂಗಿತ್ತು? ಹಾಡಿ ತೋರಸ್ರಿ," ಎಂದರು. ನಾನು ಹುಟ್ಟಾ ಬೇಸುರದವನು. ಆದರೂ ಪ್ರಯತ್ನ ಮಾಡಿದೆ. ನಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಪದದಲ್ಲಿ ನನಗೆ ಗೊತ್ತಿಲ್ಲದ ಒಂದು ಮಾತು, ಒಂದೇ ಒಂದು ಅಡ್ಡಹೆಸರು ಬಂದಿದ್ದರೆ ಅವರನ್ನು ನಂಬಿಸಬಹುದಿತ್ತು. ಬರಲಿಲ್ಲ. ಬಂದ ಹೆಸರೆಲ್ಲ ಅವರೇ ನನಗೆ ಹೇಳಿಕೊಟ್ಟವು. ಗೂಟ ಬಿಟ್ಟು ಎದ್ದದ್ದೂ ಅವರೇ ಹೇಳಿದ್ದು. ಮಹಬೂಬನಿಗೆ ಹೇಳಿದಾಗ ಅವನು ನಗಲಿಲ್ಲ, ಆದರೆ ತಲೆ ಕೆರೆದುಕೊಂಡು, "ಸಾಬ, ಬಂದ್ ಮಾಡಿದ ಸೆಟ್ಟಿನ್ಯಾಗ ಕಂಡೆನ್ಸರ್ ಚಾರ್ಜ್ ಉಳಿತದ," ಎಂದ. ಕಂಡೆನ್ಸರಿನಲ್ಲಿ ಒಂದಿಷ್ಟು ಕರೆಂಟು ಉಳಿದು, ಎರಡು ಉಸಿರು ಎಳೆಯುವಷ್ಟು ಹೊತ್ತು ಸೆಟ್ಟು ಮಾತಾಡುವುದುಂಟು. ಗಂಟಲಿಲ್ಲದ ಸೆಟ್ಟು ಅಷ್ಟೂ ಮಾತಾಡುವುದಿಲ್ಲ. "ಮತ್ತ ನಾಗಮ್ಮ ನಾಗಮ್ಮ ಅಂತ ಒದರಿದವರು ನೀವೇ ಅಲ್ಲ? ನಿಮ್ಮದೇ ದನಿ ನಿಮ್ಮ ಕಿವ್ಯಾಗ ಹೊಕ್ಕಿರಬೇಕು," ಎಂದ. ಇರಬಹುದೆಂದು ನಾನೂ ಎಷ್ಟೋ ಸಲ ಒಪ್ಪಲು ನೋಡಿದ್ದೇನೆ. ಆದರೆ ಆ ರೆಕಾರ್ಡಿಂಗ್ ಹಚ್ಚಿ ಕೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಗಂಟಲು ಹರಿದುಕೊಂಡು ಕೂಗುತ್ತಿದ್ದವನು, ಕೇಳುವುದಕ್ಕೆ ಏನೂ ಇಲ್ಲದಿದ್ದರೆ, ನಡುವೆ ಅಷ್ಟು ಹೊತ್ತು ಯಾಕೆ ಸುಮ್ಮನಾದ?

ಅವತ್ತು ಕರೆಂಟು ಬಂದ ಮೇಲೆ ವಾಲ್ವ್ ಕೂರಿಸಿ ಹಚ್ಚಿದೆ. ಚಟಪಟ ಹೋಗಿತ್ತು, ಹಸಿರು ಕಣ್ಣು ಚೆನ್ನಾಗಿ ಕೂಡುತ್ತಿತ್ತು. ಇವತ್ತಿಗೂ ಆ ರೇಡಿಯೋ ಸರಿಯಾಗಿಯೇ ನಡೆಯುತ್ತಿದೆ. ಎಷ್ಟೋ ಸಲ ಪ್ಲಗ್ಗು ಕಿತ್ತು, ವಾಲ್ವು ತೆಗೆದು, ಹಲಗೆಯ ಮೇಲೆ ಕೈಯಿಟ್ಟು ಕೂತು ನೋಡಿದ್ದೇನೆ. ಮರದ ಡಬ್ಬಿ, ಅಷ್ಟೇ.

ಕಳೆದ ತಿಂಗಳು ಆ ಕಡೆ ಕೆಲಸವಿತ್ತು, ಹೋಗಿದ್ದೆ. ಪಡಸಾಲೆಯಲ್ಲಿ ಪಕ್ಕದ ಮನೆಯ ಹೆಂಗಸರು ಕೂತಿದ್ದರು. ನಾಗಮ್ಮ ನನ್ನನ್ನು ಅವರಿಗೆ ತೋರಿಸಿ, "ಇವರೇ ನೋಡ್ರೆವ್ವ. ನನ್ನ ಸಲುವಾಗಿ ಕಣ್ಣಾಗ ನೀರು ತಂದು ಸುಳ್ಳ ಹೇಳಿದ ಪುಣ್ಯಾತ್ಮರು," ಎಂದರು.

"ಸುಳ್ಳಲ್ರಿ ನಾಗಮ್ಮಾರ. ದೇವರಾಣಿ," ಎಂದೆ.

"ಆತು, ಆತು," ಎಂದರು. ರೇಡಿಯೋದ ದನಿ ಸಣ್ಣ ಮಾಡಿ, ನನ್ನ ಕೈಗೆ ಚಹಾದ ಕಪ್ಪು-ಬಸಿ ಕೊಟ್ಟು, ಹೋದ ಸಲದ ಹಾಗೆ, ಅದರ ಹಿಂದಿನ ಸಲದ ಹಾಗೆ ಎದುರಿಗೆ ಕೂತರು.

"ನಾ ನಂಬೂದಿಲ್ಲ ಬಿಡ್ರಿ," ಎಂದರು. "ಖರೆ, ಇನ್ನೊಂದ್ಸಲ ಹೇಳ್ರಿ. ಕಲ್ಲು ಒಂದು ಸುತ್ತು ತಿರುಗಿದ ಮ್ಯಾಲ ಅಕಿ ಏನಂದಳು?"